ಇಲ್ಲಿ ಮಾತ್ರ ಜಾತಿ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ನನಗೆ ಕೊಟ್ಟಿರುವುದು ಐದೇ ನಿಮಿಷ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕ್ರಿಪ್ಟೋಸ್ಪೋರಿಡಿಯಂ. ಹೆಸರು ನಾಲಿಗೆಗೆ ತೊಡರುತ್ತೆ, ಕ್ರಿಪ್ಟೋ ಅಂದರೆ ಸಾಕು. ಕುಡಿಯುವ ನೀರಿನ ಜೊತೆ ಹೊಟ್ಟೆ ಸೇರಿ, ಕರುಳಿಗೆ ಅಂಟಿಕೊಂಡು, ವಾರಗಟ್ಟಲೆ ನೀರು ನೀರಾಗಿ ಭೇದಿ ಮಾಡಿಸುವ ಪರಾವಲಂಬಿ ಇದು. ಅದರ ಮೊಟ್ಟೆಯಂಥ ಕೋಶ ಎಷ್ಟು ಸಣ್ಣದು ಅಂದರೆ ಒಂದು ಮಿಲಿಮೀಟರಿನಲ್ಲಿ ಹೆಚ್ಚುಕಮ್ಮಿ 200 ಸಾಲಾಗಿ ಕೂರುತ್ತವೆ. ಚಿಪ್ಪು ಮಹಾ ಗಟ್ಟಿ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ಗೆಲ್ಲ ಜಗ್ಗುವುದಿಲ್ಲ. ನೀರು ಕುದಿಸಿದರೆ ಸಾಯುತ್ತೆ.

ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಲಾಬಿ ಬಣ್ಣದ ದುಂಡು ಚುಕ್ಕಿ, ಅಷ್ಟೇ. ಮನುಷ್ಯರಿಂದ ಬಂದದ್ದೂ ಹಾಗೇ, ಹಸುವಿನ ಕರುವಿನಿಂದ ಬಂದದ್ದೂ ಹಾಗೇ. ‘ನೀರಿನಲ್ಲಿ ಕ್ರಿಪ್ಟೋ ಇದೆ’ ಅಂತ ಒಂದು ಸಾಲು ಬರೆದು ಫೈಲು ಮುಚ್ಚುತ್ತಾರೆ ನೋಡಿ, ನನಗೆ ಅಲ್ಲೇ ರೇಗುವುದು. ಯಾವ ಕ್ರಿಪ್ಟೋ ಸ್ವಾಮಿ? ಯಾರ ಜಾತಿಯನ್ನೂ ಕೇಳಬೇಡಿ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ, ಸರಿಯೇ. ಇದರ ಜಾತಿ ಮಾತ್ರ ಕೇಳಲೇಬೇಕು.

ಒಂದು ಮೊಲದ ಕಥೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. 2008ರ ಜೂನ್, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್. ಪಿಟ್ಸ್‌ಫರ್ಡ್ ಜಲಾಶಯದ ನೀರನ್ನು ಶುದ್ಧ ಮಾಡಿ ಊರಿಗೆ ಬಿಡುವ ಘಟಕ. ಮಾಮೂಲಿ ತಪಾಸಣೆ ಮಾಡಿದಾಗ ಶುದ್ಧ ಮಾಡಿದ ನೀರಿನಲ್ಲೇ ಕ್ರಿಪ್ಟೋ ಸಿಕ್ಕಿತು. ಎರಡೂವರೆ ಲಕ್ಷಕ್ಕೂ ಜಾಸ್ತಿ ಜನರಿಗೆ ‘ಕುದಿಸದೆ ಕುಡಿಯಬೇಡಿ’ ಅಂತ ಸೂಚನೆ ಹೋಯಿತು. ಇಂಥ ಹೊತ್ತಿನಲ್ಲಿ ಎಲ್ಲರ ಬೆರಳೂ ಮೊದಲು ದನದ ಕಡೆ, ಆಮೇಲೆ ಚರಂಡಿ ಕಡೆ ಹೋಗುತ್ತೆ ಅಲ್ವಾ? ಹುಡುಕುತ್ತಾ ಹೋದರೆ ಘಟಕದ ತೊಟ್ಟಿಯೊಂದರಲ್ಲಿ ಸಿಕ್ಕಿದ್ದು ಸತ್ತ ಮೊಲ! ಒಂದೇ ಒಂದು ಮೊಲ.

ಮೊಲ ಸಿಕ್ಕಿತು ಅಂದಮಾತ್ರಕ್ಕೆ ಅದೇ ಕಳ್ಳ ಅಂತ ಹೇಳುವುದು ಹೇಗೆ? ಕ್ರಿಪ್ಟೋದಲ್ಲಿ ಜಿಪಿ60 ಅಂತ ಒಂದು ಜೀನ್ ಇದೆ. ಅದರಲ್ಲಿ ಟಿಸಿಎ ಅನ್ನುವ, ಡಿಎನ್‌ಎ ಭಾಷೆಯ ಮೂರಕ್ಷರ ಮತ್ತೆ ಮತ್ತೆ ಬರುತ್ತೆ, ಒಂದೊಂದು ತಳಿಯಲ್ಲಿ ಒಂದೊಂದು ಲೆಕ್ಕ. ರಂಗೋಲಿಯ ಚುಕ್ಕಿ ಎಣಿಸಿದ ಹಾಗೆ ಎಣಿಸಬೇಕು. ಮೊಲದ ಕರುಳಿನಲ್ಲಿ 18. ನೀರಿನಲ್ಲಿ 18. ಭೇದಿಯಾಗಿ ಬಂದ ರೋಗಿಗಳ ಮಲದಲ್ಲೂ 18! ಮೊಲದ ಈ ಕ್ರಿಪ್ಟೋ ಮನುಷ್ಯರ ಮೇಲೂ ಹೀಗೆ ಬೀಳುತ್ತೆ ಅಂತ ಅಲ್ಲಿಯವರೆಗೆ ಯಾರೂ ಅಷ್ಟಾಗಿ ಎಣಿಸಿರಲಿಲ್ಲ. ಖಚಿತವಾಗಿ ಕಾಯಿಲೆ ಬಿದ್ದವರು ಇಪ್ಪತ್ತು ಚಿಲ್ಲರೆ ಜನ. ಜಾತಿ ಕೇಳದಿದ್ದರೆ ಪಾಪ, ಸುತ್ತಲಿನ ದನ ಸಾಕುವವರ ತಲೆಗೇ ಕಟ್ಟುತ್ತಿದ್ದರೇನೋ.

ಹಾಗೆ ಕಟ್ಟಿದ್ದೂ ಉಂಟು. ಅಯ್ಯೋ, ಮೊಲವೇ ಟೈಮು ತಿಂದುಬಿಟ್ಟಿತು, ಬೇಗ ಹೇಳುತ್ತೇನೆ. 1993, ಅಮೆರಿಕದ ಮಿಲ್ವಾಕೀ. ಮಿಷಿಗನ್ ಸರೋವರದ ನೀರು, ಸುಮಾರು 4 ಲಕ್ಷ ಜನರಿಗೆ ಭೇದಿ. ವಸಂತದ ಮಳೆಗೆ ದನದ ಸಗಣಿ ಹೊಳೆಗೆ ಕೊಚ್ಚಿಕೊಂಡು ಬಂದಿರಬೇಕು ಅಂತ ಎಷ್ಟೋ ಜನ ನಂಬಿದ್ದರು. ವರ್ಷಗಳಾದ ಮೇಲೆ, ಉಳಿದಿದ್ದ ಕೆಲವೇ ಮಾದರಿಗಳ ಜೀನ್ ಓದಿದರೆ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಜಾತಿ. ಬೆಟ್ಟು ಮಾಡಬೇಕಾಗಿದ್ದು ಕೊಟ್ಟಿಗೆಯ ಕಡೆ ಅಲ್ಲ, ಕಕ್ಕಸಿನ ಕಡೆ. ಈಗ ಬೇಲಿ ಹಾಕಬೇಕೋ ಒಳಚರಂಡಿ ರಿಪೇರಿ ಮಾಡಬೇಕೋ ಹೇಳಿ? ಜಾತಿ ಗೊತ್ತಿಲ್ಲದೆ ದುಡ್ಡು ಎಲ್ಲಿ ಸುರಿಯುತ್ತೀರಿ?

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಲ್ಯಾಬಿನಲ್ಲಿ ಕೆಲಸ ಮಾಡುವವರು ಕೇಳುತ್ತಿದ್ದರೆ ಒಂದು ಮಾತು. ರೋಗಿಗಳ ಮಲ ತುಂಬಿ ನನ್ನ ಮೇಜಿಗೆ ಬರುವ ಎಷ್ಟೋ ಬಾಟಲಿಗಳ ಮುಚ್ಚಳ ತೆಗೆದರೆ, ಕೆಡದಿರಲಿ ಅಂತ ಹಾಕಿದ ಫಾರ್ಮಲಿನ್ ಘಾಟು ಮೂಗಿಗೆ ಹೊಡೆಯುತ್ತೆ. ಚುಕ್ಕಿ ನೋಡಲು ಅದು ಸಾಕು, ಆದರೆ ಡಿಎನ್‌ಎ ಕೆಟ್ಟು ಹೋಗಿರುತ್ತೆ, ಆಮೇಲೆ ನಾನು ಎಣಿಸುವುದು ಏನನ್ನು? ಸ್ವಲ್ಪ ಮಲವನ್ನು ಬೇರೆ ಡಬ್ಬಿಯಲ್ಲಿ, ಏನೂ ಹಾಕದೆ ಸುಮ್ನೆ ಫ್ರಿಜ್ಜಿನಲ್ಲಿಡಿ. ಡಬ್ಬಿ ಮೇಲೆ ತಾರೀಕು ಬರೆಯಿರಿ, ದಯವಿಟ್ಟು.