ಬೇಟೆಯಾಡದವರ ಮೊಲ

ಈಗ ನೀವು ನೋಡುತ್ತಿರುವುದು ಲಂಡನ್ನಿನ ಮ್ಯಾಂಚೆಸ್ಟರ್ ಚೌಕದಲ್ಲಿರುವ ವಾಲೇಸ್ ಕಲೆಕ್ಷನ್ ಎಂಬ ಕಲಾ ಸಂಗ್ರಹಾಲಯ. ಇಲ್ಲಿ ಪ್ರವೇಶ ಉಚಿತ. ಆದ್ದರಿಂದ ಟಿಕೆಟ್ ದರದ ಬಗೆಗಿನ ನನ್ನ ಎಂದಿನ ಗೊಣಗಾಟ ಈ ಸಲ ಇಲ್ಲ. ಹಿಂಗಾಲು ಕಟ್ಟಿ ತಲೆಕೆಳಗಾಗಿ ತೂಗುಬಿಟ್ಟಿರುವ ಈ ಮೊಲವನ್ನು ಬರೆದವನು 1719ರಲ್ಲಿ ತೀರಿಕೊಂಡ ಡಚ್ ಕಲಾವಿದ ಯಾನ್ ವೇನಿಕ್ಸ್.

ಈ ವಿಡಿಯೊ ತುಣುಕು ಅಲುಗಾಡುತ್ತಿರುವುದಕ್ಕೆ ಕಾರಣ ಹೇಳಲೇಬೇಕು. ಮೊಲದ ಹೊಟ್ಟೆಯ ಮೇಲೆ ದೀಪದ ಬೆಳಕು ಬಿದ್ದು ಹೊಳೆಯುತ್ತಿದೆ ಎಂದು ತಿಳಿದು ನಾನು ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಮಂಡಿಯೂರಿದೆ, ಫೋನಿನ ಲೆನ್ಸನ್ನು ಅಂಗಿಯ ತುದಿಯಿಂದ ಎರಡು ಬಾರಿ ಒರೆಸಿದೆ. ಹೊಳಪು ಮಾತ್ರ ಕದಲಲಿಲ್ಲ. ಹತ್ತಿರ ಹೋಗಿ ನೋಡಿದರೆ ಅದು ದೀಪದ ಬೆಳಕಲ್ಲ, ಒಂದೊಂದೇ ಕೂದಲಾಗಿ ಬರೆದ ಬಿಳಿಯ ತುಪ್ಪಳ. ಕಾಲು ಗಂಟೆಯನ್ನು ಹೀಗೆ ಕಳೆದುಕೊಂಡೆ.

ಇಷ್ಟು ನಾಜೂಕಿನ ಚಿತ್ರವನ್ನು ಕೊಳ್ಳುತ್ತಿದ್ದವರು ಯಾರು? ಅಂದಿನ ಹಾಲೆಂಡಿನಲ್ಲಿ ಬೇಟೆಯ ಹಕ್ಕು ಮುಖ್ಯವಾಗಿ ಕುಲೀನ ಮನೆತನಗಳದಾಗಿತ್ತು. ವ್ಯಾಪಾರದಿಂದ ಹಣ ಕಂಡ ಆಮ್‌ಸ್ಟರ್‌ಡ್ಯಾಮಿನ ಸಿರಿವಂತರಿಗೆ ಆ ಹಕ್ಕು ಸುಲಭವಾಗಿ ದಕ್ಕುತ್ತಿರಲಿಲ್ಲವಾದ್ದರಿಂದ, ಅವರು ಕೋವಿ, ಮದ್ದಿನ ಕೊಂಬು, ಗೌಜಲಹಕ್ಕಿ, ಹಿನ್ನೆಲೆಯಲ್ಲೊಂದು ಭವ್ಯವಾದ ಉದ್ಯಾನ ಎಲ್ಲವೂ ಇರುವ ಬೇಟೆಯ ಸ್ಟಿಲ್ ಲೈಫ್ (ಜೋಡಿಸಿಟ್ಟ ನಿರ್ಜೀವ ವಸ್ತುಗಳ) ಚಿತ್ರಗಳನ್ನು ತರಿಸಿ ತಮ್ಮ ಮನೆಯ ಗೋಡೆಗೆ ಹಾಕಿಕೊಂಡರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದಂತೆ ಎನ್ನುವುದು ಇದಕ್ಕೇ.

ಆದರೆ ಆಡಿದ ಮಾತನ್ನು ಅರ್ಧದಷ್ಟು ಹಿಂತೆಗೆದುಕೊಳ್ಳುತ್ತೇನೆ. ಮನಸ್ಸು ಬಂದಾಗಲೆಲ್ಲ ಬೇಟೆಗೆ ಹೊರಡಬಹುದಾಗಿದ್ದ ಜರ್ಮನಿಯ ಸಂಸ್ಥಾನವೊಂದರ ದೊರೆ ಯೋಹಾನ್ ವಿಲ್ಹೆಲ್ಮ್ ಕೂಡ, ಬೆನ್ಸ್‌ಬರ್ಗಿನ ತನ್ನ ಅರಮನೆಗಾಗಿ 18ನೆಯ ಶತಮಾನದ ಆರಂಭದಲ್ಲಿ ಇದೇ ವೇನಿಕ್ಸನಿಂದ ಗೋಡೆಯಳತೆಯ ಬೇಟೆಯ ಚಿತ್ರಗಳ ಸಾಲನ್ನೇ ಬರೆಸಿದ. ನಿಜವಾದ ಮೊಲ ಎರಡು ದಿನದಲ್ಲಿ ನಾರುತ್ತದೆ; ಅತಿಥಿಗೆ ವರ್ಷವಿಡೀ ತೋರಿಸಬೇಕೆಂದರೆ ದೊರೆಗೂ ಬಣ್ಣದ ಮೊಲವೇ ಬೇಕು. ಹಾಗಿರುವಾಗ ವ್ಯಾಪಾರಿಯೊಬ್ಬನನ್ನೇ ಹಂಗಿಸುವುದು ನ್ಯಾಯವಲ್ಲ.

ವೇನಿಕ್ಸನಿಗಿಂತ ಹಿಂದಿನ ತಲೆಮಾರಿನ, ಆಂಟ್‌ವರ್ಪಿನ ಫ್ರಾನ್ಸ್ ಸ್ನೈಡರ್ಸ್‌ನ ಎಷ್ಟೋ ಚಿತ್ರಗಳಲ್ಲಿ ಸತ್ತ ಜಿಂಕೆ, ಹಕ್ಕಿಗಳು ಹಣ್ಣು ತರಕಾರಿಗಳ ನಡುವೆ ಅಡುಗೆಯವರ ಮೇಜಿನ ಮೇಲೆ ಬಿದ್ದಿರುತ್ತವೆ. ಅವನ್ನು ನೋಡಿದರೆ ಊಟದ ನೆನಪಾಗುತ್ತದೆ. ವೇನಿಕ್ಸನ ಮೊಲವನ್ನು ಯಾರೂ ಬೇಯಿಸುವಂತೆ ಕಾಣುವುದಿಲ್ಲ. ಬ್ಯಾಟರಿ ಮುಗಿಯುತ್ತಿದೆ, ಬೇಗ ಈ ಮೂಗಿನ ತುದಿಯನ್ನು ನೋಡಿಬಿಡಿ: ಇಷ್ಟೇ ಇಷ್ಟು ರಕ್ತ. ದಿವಾನಖಾನೆಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.