ಗೊಬ್ಬರ ಅಂದರೆ ಯಾವ ಗೊಬ್ಬರ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕೋಲಾರದವಳು. ನಮ್ಮ ಬಡಾವಣೆಯ ಹತ್ತು ಹನ್ನೆರಡು ಮನೆಯವರು ಸೇರಿ ಕೈತೋಟ ಮಾಡುತ್ತಿದ್ದೇವೆ. ಕೆಲವರಿಗೆ ಹಿತ್ತಿಲಿದೆ, ಕೆಲವರಿಗೆ ಮಹಡಿ ಮೇಲೆ ನಾಲ್ಕು ಕುಂಡ. ಬೀಜ ಹಂಚಿಕೊಳ್ಳುತ್ತೇವೆ, ಸಸಿ ಕೊಟ್ಟು ಸಸಿ ತೆಗೆದುಕೊಳ್ಳುತ್ತೇವೆ. ಆ ತೋಟದಲ್ಲಿ ನಾವು ಆಡುವ ಮಾತುಗಳ ಬಗ್ಗೆ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಗುಂಪು ಶುರುವಾದ ಮೊದಲ ವರ್ಷದ ಮಾತು. ಪಕ್ಕದ ಬೀದಿಯ ಹುಡುಗಿಯೊಬ್ಬಳು ಬದನೆ ನೆಟ್ಟಿದ್ದಳು. ತಾನೇ ಒಟ್ಲು ಹಾಕಿ ಬೆಳೆಸಿದ ಸಸಿ. "ಅಕ್ಕಾ, ಈಗೇನು ಹಾಕಲಿ?" ಅಂದಳು. "ಬುಡಕ್ಕೆ ಒಂದೊಂದು ಹಿಡಿ ಗೊಬ್ಬರ ಹಾಕಮ್ಮ" ಅಂದೆ. ನನ್ನ ಮನಸ್ಸಲ್ಲಿದ್ದದ್ದು ತಿಪ್ಪೆ ಗೊಬ್ಬರ. ಅವಳ ತಂದೆ ಟೊಮೊಟೊ ಬೆಳೆಯುವವರು. ಗೊಬ್ಬರ ಅಂದರೆ ಅಂಗಡಿಯಿಂದ ಬರುವ ಚೀಲ ಅಂತಲೇ ಅವಳು ಚಿಕ್ಕಂದಿನಿಂದ ತಿಳಿದಿದ್ದಳು. ಹಿಡಿ ಹಿಡಿ ಯೂರಿಯಾ ಹಾಕಿ ನೀರು ಬಿಟ್ಟಳು. ಎರಡು ದಿನಕ್ಕೆ ಎಲೆಯ ಅಂಚು ಕಂದಿತು. ವಾರ ತುಂಬುವುದರೊಳಗೆ ಸಸಿಗಳೆಲ್ಲ ಕಡ್ಡಿಯಾಗಿ ನಿಂತಿದ್ದವು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಯೂರಿಯಾದಲ್ಲಿ ನೂರು ಕೆ.ಜಿ.ಗೆ 46 ಕೆ.ಜಿ. ಸಾರಜನಕ. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಕೆ.ಜಿ., ಜಾಸ್ತಿ ಅಂದರೆ ಒಂದು ಕೆ.ಜಿ. ಇರಬಹುದು. ಹಿಡಿ ಒಂದೇ, ಒಳಗಿನ ಬಲ ಬೇರೆ. ಬೇರಿನ ಸುತ್ತ ಅಷ್ಟೊಂದು ಕರಗಿ ನಿಂತರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಒಳಗಿದ್ದ ನೀರೂ ಹೊರಗೆ ಹೋಗುತ್ತದೆ. ಉಪ್ಪು ಹಚ್ಚಿದ ಮಾವಿನಕಾಯಿ ನೀರು ಬಿಡುತ್ತದಲ್ವಾ, ಹಾಗೆ.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಚೀಲದ್ದು ಊರಿಗೆ ಬಂದಾಗ ಅದಕ್ಕೆ ಸೀಮೆ ಗೊಬ್ಬರ ಅಂದರು, ಸರ್ಕಾರಿ ಗೊಬ್ಬರ ಅಂದರು. ಮನೆಯದು ತಿಪ್ಪೆ ಗೊಬ್ಬರ, ಕುರಿಯದು ಕುರಿ ಗೊಬ್ಬರ. ಈಗ ನಮ್ಮ ಗುಂಪಿನಲ್ಲಿ ಬರೀ 'ಗೊಬ್ಬರ' ಅಂತ ಯಾರೂ ಹೇಳುವ ಹಾಗಿಲ್ಲ. ಯಾವುದು ಅಂತ ಹೇಳಬೇಕು. ಕಳಿತಿದೆಯಾ, ಹಸಿಯಾ ಅಂತಲೂ ಹೇಳಬೇಕು. ಹಸಿ ಸಗಣಿ ಬುಡದಲ್ಲಿ ಬಿಸಿಯೇರಿ ಬೇರನ್ನು ಸುಡುತ್ತದೆ. ಚೆನ್ನಾಗಿ ಕಳಿತದ್ದು ಕೈಯಲ್ಲಿ ಟೀಪುಡಿ ಹಾಗೆ ಉದುರುತ್ತದೆ, ಸಗಣಿ ವಾಸನೆ ಇರುವುದಿಲ್ಲ.

ಇನ್ನೊಂದು ಮಾತು ಮಲ್ಚಿಂಗ್, ಅಂದರೆ ತೇವ ಆರದ ಹಾಗೆ ಗಿಡದ ಬುಡದ ಮಣ್ಣನ್ನು ಮುಚ್ಚುವುದು. ಬೇಸಿಗೆಗೆ ಎಲ್ಲರೂ ಮಲ್ಚಿಂಗ್ ಮಾಡಿ ಅಂತ ಒಬ್ಬರು ಹೇಳಿದರು. ಇಬ್ಬರು ಪ್ಲಾಸ್ಟಿಕ್ ಹಾಳೆ ತಂದುಬಿಟ್ಟರು. ಅವರದೇನೂ ತಪ್ಪಿಲ್ಲ. ಕೋಲಾರದ ಟೊಮೊಟೊ ಹೊಲದಲ್ಲಿ ಮಲ್ಚಿಂಗ್ ಅಂದರೆ ಅದೇ, ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು. ಅಲ್ಲಿ ಹಾಳೆಯ ಕೆಳಗೆ ಡ್ರಿಪ್ ಪೈಪ್ ಇರುತ್ತದೆ. ಚೊಂಬಿನಲ್ಲಿ ನೀರು ಹಾಕುವ ಕುಂಡಕ್ಕೆ ಅದು ಹೊಂದುವುದಿಲ್ಲ. ನಮಗೆ ಬೇಕಿದ್ದದ್ದು ಒಣ ಎಲೆ, ರಾಗಿ ಹುಲ್ಲು, ಅವರೆಕಾಯಿ ಸಿಪ್ಪೆ. ಅದಕ್ಕೆ 'ಹೊದಿಕೆ' ಅಂತ ಹೆಸರು ಇಟ್ಟುಕೊಂಡೆವು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಹೊದಿಕೆ ಇದ್ದರೆ ಒಂದು ಚೊಂಬು ನೀರು ಎರಡು ದಿನ ಬರುತ್ತದೆ. ಯುಗಾದಿಗೆ ಮುಂಚೆ ಹೊಂಗೆ ಮರ ಎಲೆ ಉದುರಿಸುತ್ತದೆ. ಬೀದಿಯಲ್ಲಿ ಸುಮ್ನೆ ಬೆಂಕಿ ಹಚ್ಚುತ್ತಿದ್ದ ಆ ಎಲೆಯನ್ನು ಈಗ ಗೋಣಿಚೀಲದಲ್ಲಿ ತುಂಬಿಸಿಡುತ್ತೇವೆ.

ನನಗೆ ಬಹಳ ಇಷ್ಟವಾದ ಮಾತು ಹದ. ದಿನಕ್ಕೆ ಎಷ್ಟು ನೀರು ಅಂತ ಹೊಸಬರು ಕೇಳುತ್ತಾರೆ. ಲೆಕ್ಕ ಹೇಳಿದರೆ ಕೆಡುತ್ತದೆ, ಬಿಸಿಲು ದಿನಾ ಒಂದೇ ಥರ ಇರಲ್ಲ. ಎರಡು ಬೆರಳಷ್ಟು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಅಮುಕಿ ನೋಡಿ. ನೀರು ಒಸರಿದರೆ ಹೆಚ್ಚಾಗಿದೆ. ಉಂಡೆಯೇ ಆಗದೆ ಉದುರಿದರೆ ಒಣಗಿದೆ. ಉಂಡೆಯಾಗಿ, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು. ಅದು ಹದ. ಮುದ್ದೆ ತಿರುವುವ ಮನೆಯಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು ಇದ್ದಾರೆ. ಮನೆಮಾತು ತೆಲುಗು. ಒಂದು ದಿನ "ಪೊನ್ನಗಂಟಿ ಆಕು ಇದೆಯಾ?" ಅಂತ ಕೇಳಿದರು. ನಾವೆಲ್ಲ ಇಲ್ಲ ಅಂದೆವು. ಅವರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ತೇವದಲ್ಲಿ ಹಬ್ಬಿದ್ದ ಸೊಪ್ಪನ್ನು ಮಡಿಲು ತುಂಬ ಕಿತ್ತುಕೊಂಡರು. ನೋಡಿದರೆ ಹೊನಗೊನೆ! ಹಾಗೇ ನಡೆಯುತ್ತಾ, ನಾವು ಕಳೆ ಅಂತ ಕಿತ್ತು ರಾಶಿ ಹಾಕಿದ್ದನ್ನು ಕೆದಕಿದರು. ಗೋಣಿ ಸೊಪ್ಪು, ಕನ್ನೆ ಸೊಪ್ಪು, ಅಣ್ಣೆ ಸೊಪ್ಪು. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಬೇಕಾದ್ದೆಲ್ಲ ಅಲ್ಲೇ ಬಿದ್ದಿತ್ತು. ಅವತ್ತು ರಾತ್ರಿ ಅವರ ಮನೆಯಿಂದ ನಾಲ್ಕು ಮನೆಗೆ ಸಾರು ಬಂತು.

ಅಂದಿನಿಂದ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಎಡಕ್ಕೆ ಕನ್ನಡದ ಹೆಸರು, ಬಲಕ್ಕೆ ತೆಲುಗಿನದು, ನಡುವೆ ಎಲೆಯನ್ನು ಒತ್ತಿ ಅಂಟಿಸುತ್ತೇವೆ. ಇನ್ನೂ ಆರೇಳು ಸೊಪ್ಪಿನ ಹೆಸರನ್ನು ಅಜ್ಜಿ ಹೇಳಿದ್ದಾರೆ. ಗಿಡ ನಾವ್ಯಾರೂ ನೋಡಿಲ್ಲ. "ಮಳೆ ಬೀಳಲಿ ಕಣಮ್ಮ, ಹೊಲದ ಬದುವಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ" ಅಂದಿದ್ದಾರೆ. ಅಷ್ಟು ಎಲೆಗೂ ಜಾಗ ಬಿಟ್ಟಿದ್ದೇವೆ.

ನಮಸ್ಕಾರ.