ನಿಂತ ಗಾಡಿಯ ಬಟ್ಟಲಿನಲ್ಲಿ ಏನಿದೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳ ಗೇಟಿನೊಳಗೆ ಹೊದಿಕೆ ಹೊದ್ದ ಚೇತಕ್ ಸ್ಕೂಟರ್, ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಪ್ರೀಮಿಯರ್ ಪದ್ಮಿನಿ ಇನ್ನೂ ಕಾಣಸಿಗುತ್ತವೆ. ಮಾರಲು ಮನಸ್ಸಿಲ್ಲ, ಓಡಿಸಲು ಪುರುಸೊತ್ತಿಲ್ಲ. ಆಯುಧಪೂಜೆ ಬಂತೆಂದರೆ ತೊಳೆದು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆದರೆ ಅದರ ಮೇಲೆ ಹಾಯಿಸಲು ಗಾಡಿ ಸ್ಟಾರ್ಟ್ ಆಗಬೇಕಲ್ಲ!

ಕಿಕ್ಕರ್ ಮೆಟ್ಟಿ ಸೋತವರು ಮೊದಲು ದೂರುವುದು ಪ್ಲಗ್ಗನ್ನು. ನನ್ನ ಅನುಮಾನ ಮಾತ್ರ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ತಳದಲ್ಲಿರುವ ಪುಟ್ಟ ಬಟ್ಟಲಿನ ಮೇಲೆ. ಎಂಜಿನ್ ಹೀರುವ ಪೆಟ್ರೋಲ್ ಮೊದಲು ಅಲ್ಲಿ ನಿಲ್ಲುತ್ತದೆ. ಆ ಬಟ್ಟಲಿಗೆ ಹೊರಗಿನ ಗಾಳಿಯಾಡುವ ಕಿಂಡಿ ಇರುತ್ತದೆ. ಪೆಟ್ರೋಲ್ ಎಂಬುದು ಹಲವು ದ್ರವಗಳ ಬೆರಕೆ. ಕೆಲವು ಸುಮಾರು 35 ಡಿಗ್ರಿಗೇ ಕುದಿದರೆ, ಕೆಲವಕ್ಕೆ 200 ಡಿಗ್ರಿಯ ಆಸುಪಾಸು ಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗಿ ಕಿಡಿಗೆ ಹೊತ್ತಿಕೊಳ್ಳುವುದು ಹಗುರವಾದ ಭಾಗವೇ. ಮುಚ್ಚಳ ತೆರೆದಿಟ್ಟ ಕಾಫಿಪುಡಿ ಡಬ್ಬಿಯ ಪರಿಮಳದಂತೆ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ತಿಂಗಳುಗಳು ಕಳೆದಂತೆ ಅಂಟಾಗಿ, ಪೆಟ್ರೋಲ್ ಹಾದುಹೋಗುವ ಜೆಟ್ ಎಂಬ ಹಿತ್ತಾಳೆ ತುಣುಕಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಟೂ-ಸ್ಟ್ರೋಕ್ ಗಾಡಿಯಾದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಅಲ್ಲೇ ಉಳಿಯುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಜೆಟ್ ಹೀರುವುದೂ ತಳದಿಂದಲೇ.

ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ಕರ್ ಹೊಡೆಯುವ ವಿದ್ಯೆ ಒಂದು ತಲೆಮಾರಿಗೆಲ್ಲ ಗೊತ್ತು. ವಾಲಿಸಿದಾಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಉಕ್ಕಿ ಮಿಶ್ರಣದಲ್ಲಿ ಗಾಳಿಗಿಂತ ಪೆಟ್ರೋಲಿನ ಪಾಲು ಏರುತ್ತದೆ. ಒಂದು ರಾತ್ರಿ ನಿಂತ ಗಾಡಿಗೆ ಅದು ಸಾಕು. ಆರು ತಿಂಗಳು ನಿಂತದ್ದಕ್ಕೆ ಹಾಗೆ ಮಾಡಿದರೆ ಹಳಸಿದ ಪೆಟ್ರೋಲಿನಿಂದ ಪ್ಲಗ್ ಒದ್ದೆಯಾಗುತ್ತದೆ, ಅಷ್ಟೆ.

ಹಾಗಾಗಿ ಟ್ಯಾಂಕಿನ ಹಳೆಯ ಪೆಟ್ರೋಲನ್ನೂ ಬಟ್ಟಲಿನದನ್ನೂ ಇಳಿಸಿಬಿಡಿ. ವಾರ್ನಿಷಿನಂಥ ವಾಸನೆ ಬಂದರೆ ಕಾರ್ಬುರೇಟರ್ ಬಿಚ್ಚಲೇಬೇಕು. ಜೆಟ್ಟನ್ನು ಕ್ಲೀನರ್ ಸ್ಪ್ರೇಯಿಂದ ತೊಳೆದು ಗಾಳಿ ಹೊಡೆಸಿ. ತಂತಿ ತೂರಿಸಬೇಡಿ, ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಮೈಲೇಜ್ ಕೈಬಿಡುತ್ತದೆ. ವಾಷರ್‌ಗಳು ಸೆಟೆದಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ. 2020ರಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬುರೇಟರ್ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಈ ಕೆಲಸಕ್ಕೆ ತಲೆ ನರೆತ ಮೆಕ್ಯಾನಿಕ್ಕೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾರಿನ ಕಷ್ಟ ಬೇರೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪನ್ನು ಎಂಜಿನ್ನೇ ನಡೆಸಬೇಕು. ಒಣಗಿದ ಬಟ್ಟಲು ತುಂಬುವಷ್ಟರಲ್ಲಿ ಬ್ಯಾಟರಿ ಸೋಲುತ್ತದೆ. ಕೀಲಿಯನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ತಿರುಗಿಸಿ.

ಮುಂದಿನ ಸಲ ಸ್ಕೂಟರನ್ನೋ ಬೈಕನ್ನೋ ದೀರ್ಘಕಾಲ ನಿಲ್ಲಿಸುವುದಿದ್ದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಲು ಬಿಡಿ. ಬಟ್ಟಲು ಬಹುಪಾಲು ಬರಿದಾಗುತ್ತದೆ. ಇನ್ನು, ಹೇಗೋ ಸ್ಟಾರ್ಟ್ ಆಯಿತು ಎಂಬ ಸಂತೋಷದಲ್ಲಿ ತಕ್ಷಣ ರಸ್ತೆಗಿಳಿಯಬೇಡಿ. ನಿಂತು ಒಣಗಿದ ರಬ್ಬರ್ ಪೈಪುಗಳು ಬಿರುಕು ಬಿಟ್ಟಿರಬಹುದು. ಬಗ್ಗಿ ನೋಡಿ, ಎಲ್ಲಾದರೂ ಪೆಟ್ರೋಲ್ ಜಿನುಗುತ್ತಿದ್ದರೆ ಆಗಲೇ ಎಂಜಿನ್ ಆರಿಸಿ, ಪೈಪು ಬದಲಿಸಿ.